ಎಡಗೈ ಅಕ್ಕನ ಪಾಲಿಗೆ

ಪಿಯಾನೋ ಮುಂದೆ ತಮ್ಮ ಕೂತರೆ ಸಾಕು, ಅಕ್ಕನಿಗೆ ಹೊಟ್ಟೆಯೊಳಗೆ ಉರಿ ಶುರುವಾಗುತ್ತಿತ್ತು. ಸುಳ್ಳೇಕೆ ಹೇಳಬೇಕು, ಹೊಟ್ಟೆಕಿಚ್ಚು ಅನ್ನುವ ಮಾತು ಹುಟ್ಟಿದ್ದೇ ಇವಳನ್ನು ನೋಡಿ ಇರಬೇಕು.

ಮನೆಯಲ್ಲಿದ್ದದ್ದು ಒಂದೇ ಪಿಯಾನೋ. ಡ್ಯಾನ್ಸ್ ಹಾಲಿನಲ್ಲಿ ಜಾಝ್ ನುಡಿಸುತ್ತಿದ್ದ ಅಪ್ಪ ಹಗಲೆಲ್ಲ ಮಲಗಿರುತ್ತಿದ್ದ. ಅವನು ಕೆಲಸಕ್ಕೆ ಹೊರಟ ಮೇಲೆ, ಕೆಳಗಿನ ಮನೆಯವರು ಪೊರಕೆ ಹಿಡಿಯಿಂದ ತಮ್ಮ ಸೂರು ಕುಟ್ಟುವವರೆಗೆ ಮಾತ್ರ ಮಕ್ಕಳ ಅಭ್ಯಾಸ. ದಿನಾ ಸರದಿಗೆ ಜಗಳ. ಬೇಸತ್ತ ಅಮ್ಮ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದಳು.

"ನೀನು ದೊಡ್ಡವಳಲ್ವೇನೇ, ಎಡಗೈದು ನೀನು ನುಡಿಸು. ಪಾಪ, ಮರಿ ಬಲಗೈಯಲ್ಲಿ ಹಾಡು ನುಡಿಸ್ಕೊಳ್ಲಿ."

ಪಾಪವಂತೆ ಪಾಪ! ಬೆವರು ಸುರಿಸಿ ಕೆಳಗಿನ ಸ್ವರ, ತಾಳ ಎಲ್ಲ ಎಳೆದವಳು ಇವಳು, ನೆಂಟರ ಮುದ್ದೆಲ್ಲ ಅವನಿಗೆ.

ದೊಡ್ಡವರಾದ ಮೇಲೂ ಅದೇ ಹಣೆಬರಹ. ಅವಳು ಹೋಟೆಲ್ ಲಾಬಿಯಲ್ಲಿ ಸೂಟ್‌ಕೇಸುಗಳ ಸದ್ದಿನ ನಡುವೆ ಒಬ್ಬಳೇ ನುಡಿಸುತ್ತಿದ್ದಳು. ಮರಿಯ ಫೋಟೋ ಆಗಲೇ ಪೇಪರಿನಲ್ಲಿ ಬಂದಿತ್ತು. ಅಷ್ಟರಲ್ಲಿ ಊರಿನ ಒಳ್ಳೆಯ ಜಾಝ್ ತಂಡದ ಪಿಯಾನೋ ಜಾಗ ಖಾಲಿಯಾಯಿತು. ಕೆಳಸ್ವರದ ದೊಡ್ಡ ತಂತಿವಾದ್ಯ ಬೇಸ್ ನುಡಿಸುವ ತಂಡದ ಯಜಮಾನ, ಎಲ್ಲರೂ ಕಂಬ ಅಂತ ಕರೆಯುವ ಉದ್ದನೆಯ ಆಸಾಮಿ, ಪಿಯಾನೋದವರನ್ನು ಪರೀಕ್ಷೆಗೆ ಕರೆದ. ವರ್ಷಗಟ್ಟಲೆ ಅವಳು ಕಣ್ಣಿಟ್ಟಿದ್ದ ಜಾಗ ಅದು. ಮನೆಯಲ್ಲಿ ಪಿಟಕ್ಕೆನ್ನದೆ ಹೋದಳು. ಹೋಗಿ ನೋಡಿದರೆ, ತಂಡ ಅಭ್ಯಾಸ ಮಾಡುವ, ಪೀಠೋಪಕರಣದ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಕುರ್ಚಿಗಳ ರಾಶಿಗೆ ಒರಗಿ ಮರಿ ನಿಂತಿದ್ದಾನೆ!

"ಅಕ್ಕಾ! ನೀನೂ ಬಂದಿದ್ದೀಯಾ?"

ಮೊದಲು ಅವಳ ಸರದಿ. ಜೀವವನ್ನೆಲ್ಲ ಬೆರಳಿಗೆ ತಂದು ನುಡಿಸಿದಳು. ಜೊತೆಗೆ ನುಡಿಸುತ್ತಿದ್ದ ಕಂಬ ನಡುವೆಯೇ ಬೇಸ್ ನಿಲ್ಲಿಸಿ ಕತ್ತು ಕೆರೆದುಕೊಂಡ. ಆಮೇಲೆ ಮರಿ ಕೂತ. ಅವನ ಎಡಗೈ ಅಲ್ಲೊಮ್ಮೆ ಇಲ್ಲೊಮ್ಮೆ ಕೀಗಳನ್ನು ಮುಟ್ಟಿ ಸುಮ್ಮನಾಗುತ್ತಿತ್ತು, ಮೊದಲಿನಿಂದಲೂ ಹಾಗೇ. ಈಗ ಬಯಲಾಗುತ್ತೆ ನಿನ್ನ ಬಂಡವಾಳ ಅಂದುಕೊಂಡಳು. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಖುಷಿಯೇ ಒಂದು ಕೈ ಹೆಚ್ಚು.

ಆದರೆ ಡ್ರಮ್ಮಿನವನು ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಕಂಬ ನಗುತ್ತ ನಗುತ್ತಲೇ ನುಡಿಸಿದ.

ಮುಗಿದ ಮೇಲೆ ಕಂಬ ಅವಳ ಬಳಿ ಬಂದ. "ಬೇಜಾರು ಮಾಡ್ಕೋಬೇಡಮ್ಮ. ನಿನ್ನ ಎಡಗೈ ಬಲು ಗಟ್ಟಿ. ಆದ್ರೆ ಕೆಳಗಿನ ಸ್ವರಾನೆಲ್ಲ ನೀನೇ ನುಡಿಸಿಬಿಟ್ರೆ, ನಾನು ಈ ಬೇಸ್ ತಂತಿ ಮೇಲೆ ಬಟ್ಟೆ ಒಣಗಹಾಕ್ಲಾ?" ಆಮೇಲೆ ಮರಿಯ ಕಡೆ ತಿರುಗಿದ. "ನೀನು ನನಗೆ ಜಾಗ ಬಿಡ್ತೀಯ ಕಣಯ್ಯ. ಎಡಗೈ ಇಷ್ಟು ಹಗುರ ಇಡೋದನ್ನ ಯಾರು ಕಲಿಸಿದ್ದು?"

"ಅಕ್ಕಾನೇ! ಎಡಗೈದೆಲ್ಲ ಅವಳೇ ನೋಡ್ಕೊಳ್ತಿದ್ಲು. ನನಗೆ ಕಲಿಯೋ ಕೆಲಸಾನೇ ಬೀಳ್ಲಿಲ್ಲ."

ಅವನ ಮಾತಿನಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ, ಅದೇ ಅವಳಿಗೆ ತಡೆಯಲಾಗದ್ದು. ಸೊಕ್ಕು ತೋರಿಸಿದ್ದರೆ ಬೈಯಬಹುದಿತ್ತು.

"ಇವನನ್ನ ಚೆನ್ನಾಗಿ ತಯಾರು ಮಾಡಿದ್ದೀಯಮ್ಮ," ಎಂದು ಕಂಬ ಅವಳ ಕೈ ಕುಲುಕಿದ. ಜಾಗ ಮರಿಗೆ ಸಿಕ್ಕಿತು.

ಮರಿ ಓಡಿ ಬಂದು ಅವಳ ಭುಜಕ್ಕೆ ತಲೆಯಾನಿಸಿದ. "ಅಕ್ಕಾ, ನಿಂಗೆ ಖುಷಿ ಆಯ್ತಲ್ವಾ?"

"ಆಗದೆ ಇರುತ್ತೇನೋ, ಪೆದ್ದಾ," ಎಂದು ಅವನ ತಲೆ ಸವರಿದಳು.

"ಅಯ್ಯೋ, ನೋಯುತ್ತೆ ಅಕ್ಕಾ, ಬಿಡು!" ಎಂದು ಅವನು ಕೂಗಿದಾಗಲೇ ಅವಳಿಗೆ ಗೊತ್ತಾದದ್ದು, ತಾನು ಅವನ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಎಳೆಯುತ್ತಿದ್ದೇನೆಂದು.