ಡ್ರಮ್ಮಿನ ಬಣ್ಣ

"ನನ್ ಮಗನ ಮದ್ವೆಗೆ ಅರಿಶಿನ ಕುಟ್ಟೋಳು ನೀನೇ ಕಣಮ್ಮಿ" ಎಂದಿದ್ದ ಶಿವರುದ್ರಸ್ವಾಮಿ. ರಾಚಮ್ಮ ಭೀಮನಬೀಡಿನಿಂದ ಮದುವೆಯಾಗಿ ಚಾಮರಾಜನಗರಕ್ಕೆ ಬಂದು, ಅವನ ಅರಿಶಿನ ಮಂಡಿಯಲ್ಲಿ ಕೂಲಿಗೆ ನಿಂತ ವರ್ಷದ ಮಾತು. "ಕುಟ್ಕೊಡ್ತೀನಿ ಬುಡಿ, ಬುದ್ಧಿ" ಎಂದು ಅವಳೂ ನಕ್ಕಿದ್ದಳು.

ಆಗ ಆ ಹುಡುಗ ಚಡ್ಡಿ ಹಾಕಿಕೊಂಡು ಗೋಣಿಚೀಲಗಳ ಮೇಲೆ ಕುಣಿಯುತ್ತಿದ್ದ. ಈಗ ಅವನಿಗೆ ಹೆಣ್ಣು ಗೊತ್ತಾಗಿತ್ತು. ರಾಚಮ್ಮನ ಗುಡಿಸಲಲ್ಲಿ ಮಾತ್ರ ಇನ್ನೂ ಇಬ್ಬರೇ.

ಗಂಡ ರಂಗನಾಯಕ ಡ್ರಮ್ಮು ತಿರುಗಿಸುವವನು. ಬೇಯಿಸಿ ಒಣಗಿಸಿದ ಅರಿಶಿನದ ಕೊಂಬು ಅದರೊಳಗೆ ಉಜ್ಜಿ ನುಣುಪಾಗುವಾಗ ಸ್ವಾಮಿ ಬಣ್ಣದ ಪುಡಿ ಸುರಿಸುತ್ತಿದ್ದ. ಮಾಲು ಬಂಗಾರದ ಹಾಗೆ ಹೊಳೆಯುತ್ತಿತ್ತು. ರಂಗನಾಯಕ ಉಗುಳಿದರೂ ಹಳದಿ.

ಆಸ್ಪತ್ರೆಯ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ ಹೇಳಿದ್ದರು: "ಹೆಂಡ್ತೀದೇನೂ ತೊಂದರೆ ಇಲ್ಲಪ್ಪ. ಆ ಬಣ್ಣದಲ್ಲಿ ಸೀಸ ಇದೆ. ಕಬ್ಬಿಣಾನ ತುಕ್ಕು ತಿನ್ನೋ ಹಾಗೆ ನಿನ್ನ ವೀರ್ಯಾನ ಒಳಗೇ ತಿಂತಿದೆ. ಮೊದ್ಲು ಡ್ರಮ್ಮು ಬಿಡು. ಬಣ್ಣ ಹಾಕದ ಅರಿಶಿನ, ನೆಲ್ಲಿಕಾಯಿ ತಿನ್ನು. ಅವುಗಳ ಸತ್ವ ಆ ತುಕ್ಕನ್ನ ತಡೀಬಹುದು."

ಡ್ರಮ್ಮು ಬಿಟ್ಟರೆ ಮಂಡಿಯ ಹಿಂದಿನ ಗುಡಿಸಲೂ ಬಿಡಬೇಕಿತ್ತು.

ಸ್ವಾಮಿಯ ಮನೆ ಬಳಕೆಗೆ ಬಣ್ಣ ಹಾಕದ ಕೊಂಬು ಬೇರೆ ಚೀಲದಲ್ಲಿತ್ತು. ರಾಚಮ್ಮ ಒಂದು ಹಿಡಿ ಮಡಿಲಿಗೆ ಹಾಕಿಕೊಂಡಳು. ಸಿಕ್ಕಿಬಿದ್ದಳು.

ಕೂಲಿಯವರೆಲ್ಲರ ಮುಂದೆ ಸ್ವಾಮಿ ಅವಳ ಸೆರಗು ಕೊಡವಿಸಿದ. "ಕಳ್ ಮುಂಡೆ! ಯಾರಿಗಮ್ಮಿ ಇದು?"

"ನನ್ ಗಂಡುಂಗೆ, ಬುದ್ಧಿ. ಮಕ್ಳಾಗಕ್ಕೆ ತಿನ್ನು ಅಂತ ಡಾಕ್ಟ್ರಮ್ಮ ಏಳವ್ರೆ."

ಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ ರಂಗ, ನಿನ್ ಕೈಲಿ ಆಗ್ದಿದ್ದನ್ನ ನನ್ ಅರಿಶಿನ ಮಾಡದೇನ್ಲಾ? ಸಂತೆಮರಳ್ಳಿ ಸಂತೆಗೋಗಿ ಒಂದು ಓರಿ ಇಡ್ಕಬಾ, ಓಗು!"

ರಂಗನಾಯಕ ಡ್ರಮ್ಮಿನ ಹಿಡಿ ಬಿಡಲಿಲ್ಲ. ತಿರುಗಿಸುತ್ತಲೇ ಇದ್ದ. ರಾಚಮ್ಮ ನೆಲಕ್ಕೆ ಬಿದ್ದ ಕೊಂಬುಗಳನ್ನು ಆರಿಸಿ ಚೀಲಕ್ಕೆ ಹಾಕಿದಳು.

"ಮದ್ವೆ ಅರಿಶಿನಾನೂ ಈ ಚೀಲದ್ದೇ ಕುಟ್ಬೇಕು, ತಿಳೀತಾ? ಇಲ್ದಿದ್ರೆ ಗುಡ್ಲು ಖಾಲಿ ಮಾಡಿ."

"ಮಾತು ಕೊಟ್ಟಿವ್ನಿ ಕಣ್ ಬುಡಿ, ಬುದ್ಧಿ."

ಮದುವೆಯ ಹಿಂದಿನ ದಿನ ಚಪ್ಪರದಲ್ಲಿ ಸ್ವಾಮಿಯ ಮಾಲು ಕೊಳ್ಳುವ ಮೈಸೂರು, ಈರೋಡಿನ ವ್ಯಾಪಾರಿಗಳು ಊಟಕ್ಕೆ ಕೂತಿದ್ದರು. ಅತ್ತ ಮುತ್ತೈದೆಯರು ಮದುವೆ ಗಂಡಿನ ಕೆನ್ನೆಗೆ, ಎದೆಗೆ ಅರಿಶಿನ ಬಳಿದರು.

"ಏನ್ ಬಣ್ಣ ಬಂದದೆ ಕಣಮ್ಮಿ!" ಎಂದಳು ಒಬ್ಬಳು.

ಚಪ್ಪರದ ಆಚೆ ನಿಂತಿದ್ದ ರಾಚಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಬರ್ದೆ ಏನವ್ವಾ? ಡ್ರಮ್ಮಿನ್ ಮಾಲು ಅದು. ನನ್ ಗಂಡ ತಿರುಗ್ಸಿದ್ದು. ಬುದ್ಧಿಯೋರು ಊರೂರ್ಗೆ ಮಾರದು."

ಸ್ವಾಮಿ ಎಲೆಗಳನ್ನು ತುಳಿದುಕೊಂಡೇ ಓಡಿದ. ಹೊದ್ದಿದ್ದ ಶಲ್ಯದಿಂದ ಮಗನ ಮುಖ ಗಸಗಸ ಉಜ್ಜಿದ. "ಬಾಯ್ ಮುಚ್ಲಾ! ಬಣ್ಣ ಒಳಕ್ಕೆ ಓದಾತು! ನೀರು... ನೀರ್ ತನ್ರೋ!"

ವ್ಯಾಪಾರಿಗಳ ಕೈ ಎಲೆಯ ಮೇಲೇ ನಿಂತಿತು. ಒಬ್ಬ ತನ್ನ ಸಾರಿನ ಬಣ್ಣವನ್ನೇ ನೋಡುತ್ತಿದ್ದ.

ಮದುವೆಗೆ ಅರಿಶಿನ ಕುಟ್ಟಿಕೊಡುತ್ತೇನೆ ಎಂದಿದ್ದಳು ರಾಚಮ್ಮ. ಕುಟ್ಟಿಕೊಟ್ಟಳು.