ತೊಳೆಯದೆ ಬಿಟ್ಟ ಎಂಜಿನ್

ತಂಗಿ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಕಾರಿನ ಮುಂದಿನ ಗಾಜು ಒರೆಸುತ್ತಿದ್ದಳು. ಗ್ಯಾರೇಜಿನೊಳಗೆ ಅಪ್ಪ ಮೇಜಿನ ಬಳಿ ಕುಳಿತು ಸ್ಪಾನರುಗಳಿಗೆ ಎಣ್ಣೆ ಸವರುತ್ತಿದ್ದ. ಅಣ್ಣ ಗೋಡೆಗೊರಗಿ ಮೊಬೈಲ್ ನೋಡುತ್ತಿದ್ದ, ನೋಡುವಂಥದ್ದು ಅದರಲ್ಲಿ ಏನೂ ಇಲ್ಲದಿದ್ದರೂ. ಬಾಗಿಲಲ್ಲಿ ಕಾರಿನ ಡ್ರೈವರ್ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ಬಾಡಿಗೆಗೆ ಓಡುವ ಕಾರು. ಬೆಳಿಗ್ಗೆ ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗುವಾಗ ನಡುದಾರಿಯಲ್ಲಿ ಎಂಜಿನ್ ಕುದಿದು ನಿಂತಿತ್ತು. ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದಿದ್ದ. ಒಂದೇ ತಿಂಗಳಲ್ಲಿ ಮೂರನೇ ಸಲ.

ಎಂಜಿನ್ ಕಾಯದಂತೆ ತಂಪಾಗಿಡುವ ಹಸಿರು ದ್ರವ, ಕೂಲೆಂಟ್, ಎಲ್ಲಿಂದ ಸೋರುತ್ತಿದೆ ಎಂಬುದು ಪತ್ತೆಯಾಗಿರಲಿಲ್ಲ. ಮೊದಲ ಸಲ ಅಣ್ಣ ಹೋಸ್ ಬದಲಿಸಿದ್ದ. ಎರಡನೇ ಸಲ ರೇಡಿಯೇಟರಿನ ಮುಚ್ಚಳ. ಈಗ ಡ್ರೈವರ್ ಮುಖಕ್ಕೆ ಹೊಡೆದಂತೆ ಕೇಳಿದಾಗ ಅಣ್ಣ ತಲೆಯೆತ್ತದೆ ಹೇಳಿದ.

"ನನ್ನ ಕೆಲಸದಲ್ಲಿ ತಪ್ಪಿಲ್ಲ. ನಮ್ಮ ತಂಗಿ ತೊಳೆದಮೇಲೆ ಮುಚ್ಚಳ ಸರಿಯಾಗಿ ತಿರುಗಿಸಿಲ್ಲ. ಹುಡುಗಿ ಕೈ, ಎಷ್ಟು ಬಿಗಿ ಆಗುತ್ತೆ ಹೇಳಿ."

ಡ್ರೈವರ್ ಅವಳ ಕಡೆ ತಿರುಗಿದ. "ಏನಮ್ಮಾ, ಹೊಡೆಯೋಕೆ ನಿನಗೆ ನನ್ನ ಹೊಟ್ಟೇನೇ ಸಿಕ್ತಾ?"

ಅವಳ ಕಿವಿ ಕಾದವು. ಆ ಮುಚ್ಚಳವನ್ನು ಅವಳು ಮುಟ್ಟಿಯೇ ಇರಲಿಲ್ಲ.

ಆ ಗ್ಯಾರೇಜಿನಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ. ಯಾವ ಕಾರು ಬಂದರೂ ಮೊದಲು ಎಂಜಿನ್ ತೊಳೆಯಬೇಕು, ಆಮೇಲೇ ಮೆಕ್ಯಾನಿಕ್ ಕೈಹಾಕುವುದು. ಫಳಫಳ ಹೊಳೆದರೆ ಗಿರಾಕಿಗೆ ಅರ್ಧ ಸಮಾಧಾನ ಎಂಬುದು ಅಪ್ಪನ ನಂಬಿಕೆ. ಶಾಲೆ ಬಿಟ್ಟ ವರ್ಷದಿಂದ ತೊಳೆಯುವುದು ಅವಳ ಪಾಲು. ಈ ಕಾರು ಬಂದ ಹಿಂದಿನ ಎರಡು ಸಲವೂ ಕೂಲೆಂಟನ್ನು ಎಂಜಿನ್ನಿಗೆ ಹರಿಸುವ ವಾಟರ್ ಪಂಪಿನ ಕೆಳಗೆ ಹಸಿರು ಕಲೆಯೊಂದು ಒಣಗಿ ಹಕ್ಕಳೆಗಟ್ಟಿದ್ದನ್ನು ಅವಳು ಕಂಡಿದ್ದಳು. ಕೂಲೆಂಟ್ ಸೋರಿ ಒಣಗಿದರೆ ಹಾಗೇ ಆಗುವುದು. ಹೇಳಲು ಹೋದಾಗ ಅಣ್ಣ, ತೊಳೆಯೋಳು ತೊಳೆದರೆ ಸಾಕು ಎಂದಿದ್ದ. ತೊಳೆದಳು. ಆಮೇಲೆ ಕಲೆಯೂ ಇಲ್ಲ, ಕುರುಹೂ ಇಲ್ಲ. ಪಂಪಿನಿಂದ ತೊಟ್ಟಿಕ್ಕುವುದನ್ನು ತೋರಿಸಿದರೆ, ಅದು ನೀನೇ ಸುರಿದ ನೀರು ಕಣೇ ಎಂದು ನಕ್ಕಿದ್ದ.

ಈ ಸಲ ಅವಳು ಗಾಜನ್ನಷ್ಟೇ ಒರೆಸಿದ್ದಳು. ಎಂಜಿನ್ನಿಗೆ ಒಂದು ಹನಿ ನೀರೂ ಹಾಕಿರಲಿಲ್ಲ.

ಬಟ್ಟೆಯನ್ನು ಬಕೆಟ್ಟಿಗೆ ಬೀಸಿ ಎಸೆದಳು. ನೀರು ಅಣ್ಣನ ಪ್ಯಾಂಟಿಗೆ ಸಿಡಿಯಿತು. ಬಾನೆಟ್ ಎತ್ತಿ, ಎಂಜಿನ್ ತಣ್ಣಗಾಗಿದೆಯೇ ಎಂದು ಮುಟ್ಟಿ ನೋಡಿ, ಮುಚ್ಚಳ ಬಿಚ್ಚಿ ಡ್ರೈವರನ ಅಂಗೈಯಲ್ಲಿಟ್ಟಳು. ಖಾಲಿಯಾದಷ್ಟು ಕೂಲೆಂಟ್ ತುಂಬಿದಳು. ಗೋಡೆಯ ಮೊಳೆಯಲ್ಲಿ ಧೂಳು ತಿನ್ನುತ್ತಿದ್ದ ಒತ್ತಡ ಪರೀಕ್ಷಿಸುವ ಕೈಪಂಪನ್ನು ತಂದು ಮುಚ್ಚಳದ ಜಾಗದಲ್ಲಿ ಕೂರಿಸಿದಳು. ಬಂದಳಪ್ಪ ಇಂಜಿನಿಯರಮ್ಮ ಎಂದು ಅಣ್ಣ ಹಲ್ಲು ಕಿರಿದ. ಅವಳು ಹಿಡಿಕೆಯನ್ನು ಒತ್ತಿದಳು, ಮತ್ತೆ ಒತ್ತಿದಳು, ಯಾರದೋ ಕುತ್ತಿಗೆ ಕೈಗೆ ಸಿಕ್ಕಂತೆ. ಕೈಪಂಪಿನ ಮೀಟರಿನ ಮುಳ್ಳು ಮೇಲೇರಿ ನಿಂತಿತು. ಆಮೇಲೆ ಮೆಲ್ಲಗೆ ಇಳಿಯತೊಡಗಿತು, ಎಲ್ಲೋ ಸೋರುತ್ತಿತ್ತು.

ಟಾರ್ಚಿನ ಬೆಳಕು ಬಿಟ್ಟಳು. ವಾಟರ್ ಪಂಪಿನ ಅಡಿಯ ಸಣ್ಣ ತೂತಿನಿಂದ ಹಸಿರು ಹನಿಯೊಂದು ಕಲೆಯ ಮೇಲೆ ಜಾರಿ ಒಣನೆಲಕ್ಕೆ ಬಿತ್ತು. ಹಿಂದೆಯೇ ಇನ್ನೊಂದು. ಡ್ರೈವರ್ ಬಗ್ಗಿ ನೋಡಿದ, ತನ್ನ ಅಂಗೈ ನೋಡಿಕೊಂಡ.

"ಮುಚ್ಚಳ ನನ್ನ ಕೈಯಲ್ಲೇ ಇದೆಯಲ್ಲಯ್ಯಾ," ಎಂದ ಅಣ್ಣನಿಗೆ.

ಅಣ್ಣನ ಹಲ್ಲು ಒಳಗೆ ಹೋದವು. ವಾಟರ್ ಪಂಪ್ ಬದಲಿಸಿದರಾಯಿತು, ಸಂಜೆಯೊಳಗೆ ಗಾಡಿ ರೆಡಿ ಎಂದು ಗೊಣಗುತ್ತಾ ಸ್ಪಾನರಿಗೆ ಕೈಚಾಚಿದ. ಅಪ್ಪ ಕೊಟ್ಟ. ಡ್ರೈವರ್ ಎಷ್ಟು ಹೊತ್ತಿಗೆ ಬರಲಿ ಎಂದು ಅಣ್ಣನನ್ನೇ ಕೇಳಿದ. ಏನೂ ನಡೆದೇ ಇಲ್ಲವೆಂಬಂತೆ ಮೂವರೂ ಎಂಜಿನ್ನಿನ ಸುತ್ತ ಬಗ್ಗಿದರು. ಅಣ್ಣ ಮೊಣಕೈಯಿಂದ ಅವಳನ್ನು ಪಕ್ಕಕ್ಕೆ ಸರಿಸಿದ.

ಅವಳು ಸರಿಯಲಿಲ್ಲ. 

"ಅಣ್ಣಾ, ಆ ಮುಚ್ಚಳ ಹಾಕಿದ್ದು ನೀನು ಅಂತ ಇವರಿಗೆ ಒಂದು ಸಲ ಹೇಳು."

ಅಣ್ಣ ಸ್ಪಾನರ್ ಸಿಕ್ಕಿಸಿ ಕಿರ್ರೆಂದು ಬೋಲ್ಟ್ ಸಡಿಲಿಸತೊಡಗಿದ.

"ಅಪ್ಪಾ, ನೀನಾದರೂ ಹೇಳು."