ಮುಂದಿನ ಜಾಗ

ಕ್ಲೀಟಸ್ ನೆಲದ ಮೇಲಿನ ಹುಲ್ಲು ಕೆತ್ತಿ ಮೊದಲ ಸಲಿಕೆ ಮಣ್ಣು ಎತ್ತುವಷ್ಟರಲ್ಲಿ ಕೊರೀನ್ ಬಂದು ಸಲಿಕೆಯ ಹಿಡಿಯನ್ನೇ ಹಿಡಿದುಕೊಂಡಳು.

"ಇಲ್ಲಿ ಬೇಡ. ಬೇರೆ ಎಲ್ಲಾದ್ರೂ ತೋಡಿ."

ನಮ್ಮ ದೇವರ ಹೊಲದಲ್ಲಿ ಗುಂಡಿ ತೋಡುತ್ತಲೇ ತಲೆ ನರೆಸಿಕೊಂಡವನು ಕ್ಲೀಟಸ್. ಇಂಥ ಜಗಳ ಅವನಿಗೆ ಹೊಸದಾಗಿತ್ತು. "ಮೇಡಂ, ನಿಮ್ಮಮ್ಮನಿಗೆ ಬಂದಿರೋದು ಇದೇ. ಇದು ಮುಂದಿನ ಜಾಗ. ನಮ್ಮಲ್ಲಿ ಯಾರೂ ಜಾಗ ಆರಿಸ್ಕೊಳ್ಳಲ್ಲ."

ಅವನು ಹೇಳಿದ್ದು ಸರಿ. ಮೊರೇವಿಯನ್ ಎಂಬ ಕ್ರೈಸ್ತ ಸಭೆಯ ನಾವು ಸ್ಮಶಾನವನ್ನು ದೇವರ ಹೊಲ ಎನ್ನುತ್ತೇವೆ, ಅಲ್ಲಿ ಗಂಡ ಹೆಂಡತಿಯನ್ನು ಜೊತೆಗೆ ಮಲಗಿಸುವುದಿಲ್ಲ. ಮದುವೆಯಾದ ಹೆಂಗಸರದು ಒಂದು ಸಾಲು, ಗಂಡಸರದು ಒಂದು, ಹುಡುಗರದು ಇನ್ನೊಂದು. ಸತ್ತ ಸರದಿಯಂತೆ ಜಾಗ. ಎಲ್ಲರಿಗೂ ಒಂದೇ ಅಳತೆಯ ಬಿಳಿ ಕಲ್ಲು, ಅದೂ ನೆಲಕ್ಕೆ ಅಂಟಿ ಮಲಗಿದ್ದು. ಬದುಕಿರುವಾಗ ಎಷ್ಟು ಬೇಕಾದರೂ ಮೂಗು ಮೇಲೆ ಮಾಡಿಕೊಂಡು ಓಡಾಡಬಹುದು, ಅಲ್ಲಿ ಅದು ನಡೆಯುವುದಿಲ್ಲ. ಹಾಗಾಗಿ ಕೊರೀನ್‌ಳ ಅಮ್ಮ ಆಲ್ಮಾ ಟ್ರಾನ್ಸೂಗೆ ಸಿಕ್ಕ ಜಾಗ, ಹೋದ ತಿಂಗಳು ಸತ್ತ ರಾಕ್ಸಿ ಫಿಶೆಲ್‌ಳ ಪಕ್ಕದ್ದು.

ರಾಕ್ಸಿ ಇಪ್ಪತ್ತು ವರ್ಷಗಳ ಹಿಂದೆ ಒಂದು ಭಾನುವಾರ ಕುಡಿದು ಕಾರು ಓಡಿಸಿ, ಸೈಕಲ್ ಮೇಲಿದ್ದ ಆಲ್ಮಾಳ ಮಗ ಡೇಲ್‌ನನ್ನು ಕೊಂದವಳು. ಆಗ ಅವನ ಅಕ್ಕ ಕೊರೀನ್ ಗೇಟಿನಲ್ಲೇ ನಿಂತಿದ್ದಳು. ನೋಡಿದ್ದಳು.

ಪಾದ್ರಿ ಓಡಿಬಂದರು. ಹೊಸಬರು, ಯಾರನ್ನೂ ನೋಯಿಸಲಾರದವರು. ಮಗಳಾಗಿ ನಿಮಗೆ ಹಕ್ಕಿದೆ, ಊರಾಚೆಯ ಸ್ಮಶಾನಕ್ಕೆ ಒಯ್ಯುವುದಾದರೆ ತಡೆಯುವುದಿಲ್ಲ, ಆರಾಧನೆಗೆ ಮುಂಚೆ ಹೇಳಿಬಿಡಿ ಎಂದರು. ಕ್ಲೀಟಸ್ ಸಲಿಕೆಯನ್ನು ನೆಲಕ್ಕೆ ಚುಚ್ಚಿ ಮರದ ಬುಡದಲ್ಲಿ ಕೂತ.

*

ಆಲ್ಮಾ ಹೇಳಿಕೊಳ್ಳುವಂಥ ಭಕ್ತೆಯೇನಲ್ಲ. ಗುರುವಾರ ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಸೇರಿ ಮಾರಾಟಕ್ಕೆ ಕೋಳಿ ಕಡುಬು ಮಾಡುತ್ತಾರೆ. ಅಲ್ಲಿ ಹಿಟ್ಟು ಲಟ್ಟಿಸುತ್ತಾ ಊರಿನ ಸುದ್ದಿ ಆಡುವುದೇ ಅವಳ ಧರ್ಮವಾಗಿತ್ತು. ಡೇಲ್ ಹೋದ ಮೇಲೆ ಅದನ್ನೂ ಬಿಟ್ಟಳು. ಆಗಿನ ಪಾದ್ರಿ ಮನೆಗೆ ಬಂದು, ದೇವರು ಮಗುವನ್ನು ಕರೆದುಕೊಂಡ ಎಂದರು. ಆಲ್ಮಾ ಬಾಗಿಲು ತೆರೆದು ಹಿಡಿದಳು.

"ಕರೆಯೋಕೆ ಅವನಿಗೆ ಕುಡುಕಿ ಕಾರೇ ಬೇಕಿತ್ತಾ?"

ಪಾದ್ರಿ ಎದ್ದು ಹೋದರು. ಗಂಡ ವೆಂಡೆಲ್ ಮಾತು ಬಿಟ್ಟ, ಕೆಲವೇ ವರ್ಷಗಳಲ್ಲಿ ಉಸಿರನ್ನೂ ಬಿಟ್ಟ. ಕೊರೀನ್ ದೂರದ ಓಹಾಯೋಗೆ ಹೋಗಿ ಅಲ್ಲೇ ನೆಲೆಸಿದಳು. ಆಲ್ಮಾ ಒಬ್ಬಳೇ ಆ ಮನೆಯಲ್ಲಿ ಟಿವಿ ಹಾಕಿಕೊಂಡು, ಅದರ ಕಡೆ ನೋಡದೆ ಕೂತಿರುತ್ತಿದ್ದಳು.

ಒಂದನ್ನು ಮಾತ್ರ ಅವಳು ಬಿಟ್ಟಿರಲಿಲ್ಲ. ಈಸ್ಟರ್ ಹಿಂದಿನ ಶನಿವಾರ ನಾವೆಲ್ಲ ಬಕೆಟ್ಟು ಬ್ರಷ್ಷು ಹಿಡಿದು ನಮ್ಮ ನಮ್ಮವರ ಕಲ್ಲು ಉಜ್ಜಲು ಹೋಗುತ್ತೇವೆ. ಆಲ್ಮಾ ಬರುತ್ತಿದ್ದಳು, ಡೇಲ್‌ನ ಕಲ್ಲು ಉಜ್ಜಿ ಯಾರ ಮುಖವನ್ನೂ ನೋಡದೆ ಹೋಗುತ್ತಿದ್ದಳು. ಒಂದು ವರ್ಷ ಬಂದು ನೋಡಿದರೆ ಕಲ್ಲು ಆಗಲೇ ಬೆಳ್ಳಗಿತ್ತು. ಜೈಲಿನಿಂದ ಬಿಡುಗಡೆಯಾದ ರಾಕ್ಸಿ ಬೆಳಗಾಗುವ ಮೊದಲೇ ಬಂದು ಉಜ್ಜಿ ಹೋಗಿದ್ದಳು. ಆಲ್ಮಾ ಚರ್ಮ ಸುಲಿಯುವ ಹಾಗೆ ಆ ಕಲ್ಲನ್ನು ಮತ್ತೆ ಉಜ್ಜಿದಳು. ಮಾರನೆಯ ವರ್ಷವೂ ಇದೇ ಆಯಿತು.

ಮೂರನೆಯ ವರ್ಷ ಅವಳೂ ನಸುಕಿಗೇ ಹೋದಳು, ಹೊಡೆಯಲೆಂದೇ ಹೋದಳು. ರಾಕ್ಸಿ ಮಂಡಿಯೂರಿ ಕೂತಿದ್ದಳು, ಒಣಗಿ ಕಡ್ಡಿಯಾಗಿದ್ದಳು. ಏಳಲು ನೋಡಿದಳು, ಕಾಲು ಕೇಳಲಿಲ್ಲ. ಆಲ್ಮಾಳ ಕೈಯಲ್ಲಿ ತುಂಬಿದ ಬಕೆಟ್ಟಿತ್ತು. ಅದನ್ನು ನೆಲಕ್ಕಿಟ್ಟಳು.

"ಅಕ್ಷರದ ಸಂದಿ ಕೊಳೆ ಹೋಗಿಲ್ಲ," ಎಂದು ಜೇಬಿನಿಂದ ಹಳೇ ಹಲ್ಲುಜ್ಜುವ ಬ್ರಷ್ಷು ತೆಗೆದು ಅವಳತ್ತ ಎಸೆದಳು. ಆಮೇಲೆ ಕಲ್ಲಿನ ಈಚೆ ಬದಿಗೆ ತಾನೂ ಮಂಡಿಯೂರಿದಳು. ಬಿಸಿಲು ಬರುವವರೆಗೆ ಇಬ್ಬರೂ ಉಜ್ಜಿದರು.

ಮುಂದಿನ ಗುರುವಾರ ಅವಳು ನೆಲಮಾಳಿಗೆಗೆ ಬಂದು ಲಟ್ಟಣಿಗೆ ಹಿಡಿದಳು. ಗೆಳತಿ ಟ್ರೂಡಿಗೆ ಹೇಳಿದ್ದಿಷ್ಟೇ: "ದೇವರು ಬಂದ, ಬೆಳಕು ಬಂತು ಅಂತ ನಾನು ಹೇಳಲ್ಲ. ನನ್ನ ಕೈ ಅವಳಿಗೆ ಹೊಡೀಲಿಲ್ಲ. ಹೊಡೀದೆ ಬಿಡೋದು ನನ್ನ ಕೈ ತಾನಾಗಿ ಮಾಡೋ ಕೆಲಸ ಅಲ್ಲ ಟ್ರೂಡಿ, ಅಷ್ಟು ನಂಗೊತ್ತು." ಆ ಅಷ್ಟನ್ನೇ ಹಿಡಿದುಕೊಂಡು ಅವಳು ಕೊನೆಯವರೆಗೆ ಬದುಕಿದಳು. ಮಗನ ನೋವು ಕಡಿಮೆಯಾಯಿತೆಂದು ಮಾತ್ರ ಯಾರೂ ತಿಳಿಯಬಾರದು, ಅದು ಆಗಲಿಲ್ಲ.

*

ನೆಲಮಾಳಿಗೆಯಲ್ಲಿ ಟ್ರೂಡಿ ಮಣ್ಣಿಗೆ ಬರುವವರಿಗಾಗಿ ಸಿಹಿ ಬನ್ನು ಜೋಡಿಸುತ್ತಿದ್ದಳು. ಎಂಬತ್ತು ದಾಟಿದವಳು, ಎದೆಯೊಳಗೆ ಹೃದಯ ಬಡಿಸುವ ಯಂತ್ರ ಇಟ್ಟುಕೊಂಡು ಓಡಾಡುವವಳು. ಕೊರೀನ್ ಬಂದು ಎದುರಿಗೆ ಕೂತಳು. ಟ್ರೂಡಿ ಕೇಳದೆಯೇ ಕಾಫಿ ಸುರಿದು ಕೊಟ್ಟಳು.

ಅಮ್ಮನನ್ನು ಊರಾಚೆಗೆ ಒಯ್ಯುತ್ತೇನೆ ಎಂದಳು ಕೊರೀನ್. ಟ್ರೂಡಿ ಬನ್ನು ಎಣಿಸುವುದನ್ನು ನಿಲ್ಲಿಸಿದಳು.

"ನಿಮ್ಮಮ್ಮ ಹೋದ ತಿಂಗಳಿಂದ ನನ್ನ ಗೋಳು ಹೊಯ್ಕೊಂಡಿದ್ಲು ಕಣೇ. ರಾಕ್ಸೀನ ಮಣ್ಣು ಮಾಡಿ ಬರ್ತಾ, ಲೇ ಟ್ರೂಡಿ, ನಿನ್ನ ಯಂತ್ರ ಸರಿಯಾಗಿ ನೋಡ್ಕೋ, ಸಾಲಲ್ಲಿ ನನಗಿಂತ ಮುಂಚೆ ನುಗ್ಗಬೇಡ, ಆ ಜಾಗ ನಂದು ಅಂದ್ಲು. ದಿನಾ ಫೋನ್ ಮಾಡಿ ಬದುಕಿದೀಯಾ ಅಂತ ಕೇಳೋಳು."

"ಯಾಕೆ? ಅವಳ ಪಕ್ಕ ಯಾಕೆ?"

"ರಾಕ್ಸಿ ಹಾಸಿಗೆ ಹಿಡಿದಾಗ ನಾನೂ ನಿಮ್ಮಮ್ಮನೂ ನೋಡೋಕೆ ಹೋಗ್ತಿದ್ವಿ. ತುಂಬ ಹೆದರಿದ್ಲು. ಕ್ಯಾನ್ಸರ್‌ಗಲ್ಲ. ದೇವರು ಸತ್ತವರನ್ನೆಲ್ಲ ಎಬ್ಬಿಸೋ ಬೆಳಿಗ್ಗೆ ಬರುತ್ತಲ್ಲ, ಅದಕ್ಕೆ. ಹುಡುಗರ ಸಾಲಿಂದ ಡೇಲ್ ಎದ್ದು ಅವನಮ್ಮನ ಹುಡುಕ್ಕೊಂಡು ಓಡಿ ಬರ್ತಾನೆ, ದಾರೀಲಿ ನಾನಿರ್ತೀನಿ, ಮುಖ ಎಲ್ಲಿ ಇಟ್ಕೊಳ್ಳಲಿ ಅಂತ ಅಳೋಳು. ನಾನು ಪಕ್ಕದಲ್ಲೇ ಇರ್ತೀನಿ ಬಿಡು, ನಾನು ಹೇಳ್ತೀನಿ ಅವನಿಗೆ ಅಂತ ನಿಮ್ಮಮ್ಮ ಮಾತು ಕೊಟ್ಲು. ನಾನಲ್ಲೇ ಇದ್ದೆ."

ಕೊರೀನ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಅವಳಿಗೆ ಸಿಟ್ಟು ಬಂತು, ಎಲ್ಲಕ್ಕಿಂತ ಹೆಚ್ಚು ಸತ್ತ ಅಮ್ಮನ ಮೇಲೆ. ಓಹಾಯೋಗೆ ಮಾಡಿದ ಅಷ್ಟು ಫೋನಿನಲ್ಲಿ ಒಂದು ದಿನವೂ ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ತಾನು ಫೋನ್ ಇಟ್ಟುಬಿಡುತ್ತಿದ್ದೆ ಎಂಬುದೂ ಅವಳಿಗೆ ಗೊತ್ತಿತ್ತು.

"ನಾನು ಅವಳನ್ನ ಕ್ಷಮಿಸಿಲ್ಲ ಆಂಟಿ."

"ನಿನ್ನ ಯಾರು ಕೇಳಿದ್ರು? ತೋಡೋಕೆ ಬಿಡು, ಅಷ್ಟೇ."

ಕೊರೀನ್ ತಣ್ಣಗಾದ ಕಾಫಿಯನ್ನು ಕುಡಿದು ಮುಗಿಸಿದಳು. ಎದ್ದವಳು ಮೆಟ್ಟಿಲು ಹತ್ತಿ ನೇರ ಹೊಲಕ್ಕೆ ಹೋದಳು. ಮರದ ಬುಡದಲ್ಲಿದ್ದ ಕ್ಲೀಟಸ್‌ಗೆ, ತೋಡಿ ಎಂದಷ್ಟೇ ಹೇಳಿದಳು.

*

ವಾದ್ಯದವರು ತುತ್ತೂರಿ ಊದುತ್ತ ಮುಂದೆ ನಡೆದರು, ಪೆಟ್ಟಿಗೆ ಹಿಂದೆ ಬಂತು. ಪಾದ್ರಿ ಪುನರುತ್ಥಾನದ ಮಾತುಗಳನ್ನು ಓದಿದರು. ಕೊರೀನ್ ಆಮೆನ್ ಎನ್ನಲಿಲ್ಲ, ಬಿಟ್ಟೂ ಹೋಗಲಿಲ್ಲ. ಜನ ಬನ್ನು ಕಾಫಿಗೆ ಇಳಿದು ಹೋದರು, ಕ್ಲೀಟಸ್ ಮಣ್ಣು ಮುಚ್ಚುವವರೆಗೆ ಅವಳು ಅಲ್ಲೇ ನಿಂತಳು.

ಮುಚ್ಚಿದ ಮೇಲೆ ನೋಡಿದರೆ ಅಲ್ಲಿ ಎರಡು ಗುಡ್ಡೆ ಇರಲಿಲ್ಲ. ಬೇರೆ ಕಡೆ ಜಾಗವಿಲ್ಲದೆ ಕ್ಲೀಟಸ್ ತೋಡಿದ ಮಣ್ಣನ್ನೆಲ್ಲ, ಇನ್ನೂ ಕಲ್ಲು ಕೂರಿಸದ ರಾಕ್ಸಿಯ ಸಮಾಧಿಯ ಮೇಲೆ ಹಾಕಿದ್ದ. ಹಸಿ ಕೆಂಪು ಜೇಡಿ ಕಲೆತು ಒಂದೇ ಅಗಲವಾದ ರಾಶಿಯಾಗಿತ್ತು. ಟ್ರೂಡಿ ಕೋಲೂರಿಕೊಂಡು ಹೂವಿನ ಕಟ್ಟು ತಂದಳು.

"ನಿಮ್ಮಮ್ಮ ಯಾವ ಕಡೆ?"

ಕೊರೀನ್ ನೋಡಿದಳು. ಗೊತ್ತಾಗಲಿಲ್ಲ. ಕ್ಲೀಟಸ್ ನಡುವೆ ಗೆರೆ ಎಳೆಯಲು ಸಲಿಕೆ ಎತ್ತಿದ, ಅವಳು ಕೈ ಅಡ್ಡ ಹಿಡಿದಳು.

"ಎಲ್ಲಾದ್ರೂ ಇಡಿ," ಎಂದಳು. ಟ್ರೂಡಿಗೆ ಬಗ್ಗಲು ಆಗಲಿಲ್ಲ. ಕೊರೀನ್ ಕಟ್ಟನ್ನು ಅವಳ ಕೈಯಿಂದ ತೆಗೆದುಕೊಂಡು ಕರಿ ಲಂಗದಲ್ಲೇ ಜೇಡಿಗೆ ಮಂಡಿಯೂರಿದಳು, ದಾರ ಬಿಚ್ಚಿ ಒಂದೊಂದೇ ಹೂವನ್ನು ಈ ತುದಿಯಿಂದ ಆ ತುದಿಯವರೆಗೆ ಇಡತೊಡಗಿದಳು.